‘ಮನೇಲೇ ಇರ್ತೀನಿ’ ಅಂದವರ ಲೆಕ್ಕ



ಸರ್ಕಾರದ ಒಂದು ದಫ್ತರಿನಲ್ಲಿ ನಾನು ಆರು ವರ್ಷ ನಿರುದ್ಯೋಗಿಯಾಗಿದ್ದೆ. ಅದೇ ಆರು ವರ್ಷ ಖಾಸಗಿ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೆ. ತಿಂಗಳ ಕೊನೆಗೆ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿ ಸಂಬಳ ಎಣಿಸಿಕೊಳ್ಳುತ್ತಿದ್ದೆ. ಎರಡೂ ನಿಜ. ಎಂ.ಎ. ಮುಗಿದ ವಾರವೇ ನಮ್ಮ ತಂದೆ ನನ್ನನ್ನು ಉದ್ಯೋಗ ವಿನಿಮಯ ಕೇಂದ್ರದ ಸಾಲಿನಲ್ಲಿ ನಿಲ್ಲಿಸಿ ಹೆಸರು ಬರೆಸಿದ್ದರು. ಕೆಲಸ ಸಿಕ್ಕ ಮೇಲೂ ಕಾರ್ಡು ನವೀಕರಿಸುವುದನ್ನು ಅವರು ಬಿಡಲಿಲ್ಲ. “ಇರಲಿ ಬಿಡೋ, ಸರ್ಕಾರದ ಪತ್ರ ಬಂದರೂ ಬರಬಹುದು” ಅನ್ನುತ್ತಿದ್ದರು. ಪತ್ರವೇನೂ ಬರಲಿಲ್ಲ. ಆದರೆ ವರ್ಷ ವರ್ಷ ಪತ್ರಿಕೆಗಳಲ್ಲಿ ‘ರಾಜ್ಯದಲ್ಲಿ ಇಷ್ಟು ಲಕ್ಷ ನಿರುದ್ಯೋಗಿಗಳು’ ಎಂಬ ಸುದ್ದಿ ಬಂದಾಗಲೆಲ್ಲ, ಅದರಲ್ಲಿ ಒಬ್ಬ ನಾನೇ ಎಂದು ನನಗೆ ಗೊತ್ತಿರುತ್ತಿತ್ತು.

ನಮ್ಮ ಊರಿನ ಗಾರೆ ಕೆಲಸದವನೊಬ್ಬ ಮಳೆಗಾಲದ ಮೂರು ತಿಂಗಳು ಕೈಕಟ್ಟಿ ಕೂತಿರುತ್ತಿದ್ದ. ಅವನು ಆ ಕಚೇರಿಯ ಮೆಟ್ಟಿಲು ಹತ್ತಿದವನೇ ಅಲ್ಲ. ಆದ್ದರಿಂದ ಆ ಲಕ್ಷಗಳಲ್ಲಿ ಅವನಿರಲಿಲ್ಲ. ಕೆಲಸ ಇದ್ದವನು ಲೆಕ್ಕದಲ್ಲಿ, ಇಲ್ಲದವನು ಲೆಕ್ಕದಿಂದಾಚೆ. ಹೆಸರು ಬರೆಸಿದವರನ್ನು ಎಣಿಸುವ ಪಟ್ಟಿಗೆ ಇರುವ ಮಿತಿ ಇದು. ಇಂದು ‘ದೇಶದ ನಿರುದ್ಯೋಗ ಪ್ರಮಾಣ ಶೇಕಡಾ ಇಷ್ಟು’ ಎಂದು ವಾರ್ತೆಯಲ್ಲಿ ನೀವು ಕೇಳುವ ಅಂಕಿ ಇಂಥ ಪಟ್ಟಿಯಿಂದ ಬರುವುದಲ್ಲ. ಅದು ಮನೆ ಬಾಗಿಲಿಗೆ ಹೋಗಿ ಕೇಳಿ ಬರೆದುಕೊಂಡದ್ದು. ಹೇಗೆ ಕೇಳುತ್ತಾರೆ, ಏನು ಬರೆದುಕೊಳ್ಳುತ್ತಾರೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೇ ಈ ಹೊತ್ತಿನ ಮಾತು.

ಇದರ ಬೇರು 1950ರಲ್ಲಿದೆ. ಸ್ವತಂತ್ರ ಭಾರತಕ್ಕೆ ತನ್ನ ಜನ ಏನು ಉಣ್ಣುತ್ತಾರೆ, ಏನು ಉಡುತ್ತಾರೆ, ಏನು ಗೇಯುತ್ತಾರೆ ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಆಗ ಪ್ರಶಾಂತ ಚಂದ್ರ ಮಹಲನೋಬಿಸ್ ಅವರ ಮುಂದಾಳುತನದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಎಲ್ಲರನ್ನೂ ಕೇಳುವುದು ಆಗದ ಮಾತು; ಕೆಲವರನ್ನು ಸರಿಯಾಗಿ ಆರಿಸಿ, ಸರಿಯಾಗಿ ಕೇಳಿದರೆ ಸಾಕು ಎಂಬುದು ಅವರ ನಂಬಿಕೆ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಹಿಸುಕಿದರೆ ಸಾಕು ಅನ್ನುತ್ತಾರಲ್ಲ, ಅದೇ ತರ್ಕ. ಆದರೆ ನಮ್ಮ ದೇಶ ಒಂದೇ ಉರಿಯಲ್ಲಿ ಬೆಂದ ಅನ್ನವಲ್ಲ. ತಳ ಸೀದಿರುತ್ತದೆ, ಮೇಲೆ ಅಕ್ಕಿ ಇನ್ನೂ ಅಕ್ಕಿಯಾಗೇ ಇರುತ್ತದೆ. ಆದ್ದರಿಂದ ಊರು, ಪೇಟೆ, ಓದಿದವರಿರುವ ಮನೆ, ಓದದವರ ಮನೆ ಎಂದು ಪದರ ಪದರವಾಗಿ ವಿಂಗಡಿಸಿ ಪ್ರತಿ ಪದರದಿಂದಲೂ ಅಗುಳು ತೆಗೆಯುತ್ತಾರೆ.

“ನಮ್ಮ ಮನೆಗೆ ಇದುವರೆಗೆ ಯಾರೂ ಬಂದಿಲ್ಲವಲ್ಲ, ಇದೆಲ್ಲ ಎಸಿ ಕೋಣೆಯಲ್ಲಿ ಕೂತು ಬರೆದ ಲೆಕ್ಕ” ಅನ್ನುವವರಿದ್ದಾರೆ. 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ 24 ಕೋಟಿಗೂ ಹೆಚ್ಚು ಕುಟುಂಬಗಳಿದ್ದವು. 2017ರ ಏಪ್ರಿಲ್‌ನಲ್ಲಿ ಆರಂಭವಾದ ಈಗಿನ ಸಮೀಕ್ಷೆ, ಅಂದರೆ ಕಾರ್ಮಿಕ ಬಲದ ನಿಯತಕಾಲಿಕ ಸಮೀಕ್ಷೆ, ವರ್ಷಕ್ಕೆ ಸುಮಾರು 1 ಲಕ್ಷ ಮನೆಗಳಿಗೆ ಹೋಗುತ್ತಿತ್ತು. 2025ರ ಜನವರಿಯಿಂದ ಅದನ್ನು 2 ಲಕ್ಷ 72 ಸಾವಿರಕ್ಕೆ ಏರಿಸಿದ್ದಾರೆ. ಹಾಗಿದ್ದರೂ ನಿಮ್ಮ ಮನೆಗೆ ಬರದೇ ಇರುವುದೇ ಸಹಜ. ನಮ್ಮ ಮನೆಗೆ ಬಂದದ್ದು ಆಕಸ್ಮಿಕ.

ನಮ್ಮ ಮನೆ ಅಂದರೆ ನನ್ನ ತಮ್ಮನ ಮನೆ. ತಿಪಟೂರಿನಿಂದ ಒಂದಷ್ಟು ದೂರದ ಹಳ್ಳಿ. ಎರಡೆಕರೆ ತೆಂಗು, ಮನೆಯ ಮೇಲೆ ಕೊಬ್ಬರಿ ಮಾಡುವ ಅಟ್ಟ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ. 2025ರ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ, ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗಿಯೊಬ್ಬಳು ಜಗಲಿ ಹತ್ತಿ ಬಂದಳು. ತಮ್ಮನ ಹೆಂಡತಿ ನೀರು, ಬೆಲ್ಲ ತಂದಿಟ್ಟು ಮೊದಲು ಕೇಳಿದ್ದು, “ರೇಷನ್ ಕಾರ್ಡ್ ವಿಷಯಾನಾ?” ಅಲ್ಲ ಎಂದು ಎರಡು ಸಲ ಹೇಳಿದ ಮೇಲೂ ಅವಳ ಮುಖದ ಅನುಮಾನ ಹೋಗಲಿಲ್ಲ. ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ಬರುವ ಮನೆಯಲ್ಲಿ ಸರ್ಕಾರದ ಹೆಸರು ಹೇಳಿ ಬಂದವರ ಮುಂದೆ ಯಾರೂ ತಮ್ಮ ಸಂಪಾದನೆಯನ್ನು ಗಟ್ಟಿಯಾಗಿ ಹೇಳುವುದಿಲ್ಲ. ಪ್ರಶ್ನೆ ಕೇಳುವ ಮೊದಲೇ ಉತ್ತರ ಸ್ವಲ್ಪ ಬಾಗಿರುತ್ತದೆ. ಇದನ್ನು ಯಾವ ಸಮೀಕರಣದಿಂದಲೂ ನೆಟ್ಟಗೆ ಮಾಡಲಾಗದು.

“ನೀವು ಏನ್ ಕೆಲಸ ಮಾಡ್ತೀರಮ್ಮಾ?”

“ನಾನೇನ್ ಮಾಡ್ಲವ್ವಾ, ಮನೇಲೇ ಇರ್ತೀನಿ.”

ಇಲ್ಲಿಗೆ ಆ ಹುಡುಗಿ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗಿದ್ದರೆ ತಮ್ಮನ ಹೆಂಡತಿಗೆ 92 ಎಂಬ ಸಂಕೇತ ಬೀಳುತ್ತಿತ್ತು. ಸಮೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ. ಸ್ವಂತ ದುಡಿಮೆಯವನಿಗೆ 11, ಮನೆಯ ದುಡಿಮೆಗೆ ಸಂಬಳವಿಲ್ಲದೆ ಕೈಜೋಡಿಸುವವರಿಗೆ 21, ಸಂಬಳದವನಿಗೆ 31, ಕೂಲಿಯವನಿಗೆ 51, ಕೆಲಸ ಹುಡುಕುವವನಿಗೆ 81, ಓದುವವನಿಗೆ 91. ಬರೀ ಮನೆಗೆಲಸ ಅಂದರೆ 92. ಮನೆಗೆಲಸದ ಜೊತೆಗೆ ಮನೆಬಳಕೆಗೆ ಸೌದೆ, ಸೊಪ್ಪು, ಮೇವು ಆಯ್ದು ತರುವವಳಿಗೆ 93. ಈ 92, 93 ಬಿದ್ದವರು ಕೆಲಸದವರೂ ಅಲ್ಲ, ನಿರುದ್ಯೋಗಿಗಳೂ ಅಲ್ಲ. ಲೆಕ್ಕದ ಪ್ರಕಾರ ಅವರು ಕಾರ್ಮಿಕ ಬಲದ ಹೊರಗಿನವರು.

ಹುಡುಗಿ ಚುರುಕು. ಕೊಟ್ಟಿಗೆ ಕಡೆ ನೋಡಿ ಕೇಳಿದಳು: “ಎಮ್ಮೆ ಹಾಲು ಡೇರಿಗೆ ಹಾಕ್ತೀರಾ?” “ಹಾಕ್ತೀವಿ.” “ಕರೆಯೋರು ಯಾರು?” “ನಾನೇ.” “ಹುಲ್ಲು?” “ಇನ್ಯಾರು ತರ್ತಾರೆ, ನಾನೇ.” “ಡೇರಿಗೆ ತಗೊಂಡು ಹೋಗೋರು?” “ನಾನೇ ಕಣವ್ವಾ.” ಮೂರು ‘ನಾನೇ’ ಆದ ಮೇಲೆ ಟ್ಯಾಬಿನ ಮೇಲೆ ಬೆರಳು ಆಡಿತು. ಮನೇಲೇ ಇದ್ದವಳು ಒಂದು ನಿಮಿಷದಲ್ಲಿ ದುಡಿಯುವವಳಾದಳು. ಅವಳ ಬದುಕಿನಲ್ಲಿ ಬದಲಾದದ್ದು ಏನೂ ಇಲ್ಲ; ಬದಲಾದದ್ದು ಪ್ರಶ್ನೆ.

ಈ ಗೆರೆಯನ್ನು ಎಲ್ಲಿ ಎಳೆದಿದ್ದಾರೆ ನೋಡಿ. ನಮ್ಮ ಸಮೀಕ್ಷೆಯಲ್ಲಿ ಸ್ವಂತ ಊಟಕ್ಕೆಂದೇ ರಾಗಿ ಬೆಳೆದರೂ ಅದು ಕೆಲಸ. ಅದೇ ರಾಗಿಯನ್ನು ಹಸನು ಮಾಡಿ, ಬೀಸಿ, ಹಿಟ್ಟು ಮಾಡಿ ಮುದ್ದೆ ತಿರುವಿದರೆ ಕೆಲಸವಲ್ಲ. ಹೊಲದ ಬದುವಿನ ತನಕ ಬರುವ ಲೆಕ್ಕ ಒಲೆಯ ಹತ್ತಿರ ನಿಂತುಬಿಡುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂಕಿಅಂಶ ತಜ್ಞರು 2013ರಲ್ಲಿ ಇನ್ನೊಂದು ಗೆರೆ ಎಳೆದರು: ಮುಖ್ಯವಾಗಿ ಮನೆಬಳಕೆಗೇ ಬೆಳೆದುಕೊಳ್ಳುವ ದುಡಿಮೆಯೂ ಕೆಲಸವೇ, ಆದರೆ ಅದು ‘ಉದ್ಯೋಗ’ವಲ್ಲ, ಅದನ್ನು ಬೇರೆಯಾಗಿ ಎಣಿಸಿ ಎಂದರು. ನಾವು ಹಳೆಯ ಗೆರೆಯನ್ನೇ ಇಟ್ಟುಕೊಂಡಿದ್ದೇವೆ. ಆದ್ದರಿಂದ ಹೊಸ ಗೆರೆಯ ದೇಶದ ಜೊತೆ ನಮ್ಮ ಅಂಕಿಯನ್ನು ಪಕ್ಕಪಕ್ಕ ಇಟ್ಟು ಹೆಮ್ಮೆಪಡುವುದಾಗಲಿ ನಾಚುವುದಾಗಲಿ ಎರಡೂ ಅವಸರದ ಕೆಲಸ.

ಆಮೇಲೆ ಮಗನ ಸರದಿ. ಇಂಜಿನಿಯರಿಂಗ್ ಮುಗಿಸಿದ ಹುಡುಗ. ಹಿಂದಿನ ಒಂದು ವರ್ಷದಲ್ಲಿ ಏಳು ತಿಂಗಳು ಮನೆಯಲ್ಲಿ ಕೂತು ಕೆಪಿಎಸ್‌ಸಿ, ಬ್ಯಾಂಕು, ರೈಲ್ವೆ ಅಂತ ಕಂಡಕಂಡದ್ದಕ್ಕೆಲ್ಲ ಅರ್ಜಿ ಹಾಕಿದ್ದ. ಮಧ್ಯೆ ಐದು ತಿಂಗಳು ಬೆಂಗಳೂರಿಗೆ ಹೋಗಿ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುತ್ತಿದ್ದ. ಬಿಟ್ಟು ಬಂದಿದ್ದಾನೆ. ಈಗ ಹೇಳಿ, ಇವನು ನಿರುದ್ಯೋಗಿಯೋ ಅಲ್ಲವೋ?

ಸಮೀಕ್ಷೆ ಇದಕ್ಕೆ ಎರಡು ಉತ್ತರ ಕೊಡುತ್ತದೆ. ಮೊದಲನೆಯದು ‘ವಾಡಿಕೆಯ ಸ್ಥಿತಿ’. ಕಳೆದ 365 ದಿನಗಳಲ್ಲಿ ಹೆಚ್ಚು ಕಾಲ ಏನು ಮಾಡಿದೆ ಎಂದು ನೋಡುತ್ತಾರೆ. ಹೆಚ್ಚು ಕಾಲ ಅವನು ಕೆಲಸ ಹುಡುಕಿದ್ದಾನೆ, ಆದ್ದರಿಂದ ಮುಖ್ಯ ಸ್ಥಿತಿಯಲ್ಲಿ ನಿರುದ್ಯೋಗಿ. ಆದರೆ ಅಷ್ಟಕ್ಕೆ ನಿಲ್ಲುವುದಿಲ್ಲ. ಪೂರಕವಾಗಿ 30 ದಿನಕ್ಕೆ ಕಡಿಮೆಯಿಲ್ಲದಂತೆ ಯಾವುದಾದರೂ ಕೆಲಸ ಮಾಡಿದ್ದಾನೆಯೇ ಎಂದು ಕೇಳುತ್ತಾರೆ. ಮಾಡಿದ್ದಾನೆ, ಐದು ತಿಂಗಳು. ಹಾಗಾದರೆ ಅವನು ಕೆಲಸ ಇರುವವನು. ವರ್ಷಕ್ಕೊಮ್ಮೆ ದೊಡ್ಡ ಅಕ್ಷರದಲ್ಲಿ ಬರುವ ನಿರುದ್ಯೋಗ ಪ್ರಮಾಣ ಮುಖ್ಯ, ಪೂರಕ ಎರಡನ್ನೂ ಕೂಡಿಸಿದ್ದು. ಅದರಲ್ಲಿ ನಮ್ಮ ಹುಡುಗ ಉದ್ಯೋಗಸ್ಥ.

ಎರಡನೆಯದು ‘ವಾರದ ಸ್ಥಿತಿ’. ಕಳೆದ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ, ಒಂದು ಗಂಟೆಯಾದರೂ ದುಡಿದಿದ್ದರೆ ಅವನಿಗೆ ಕೆಲಸವಿದೆ. ಒಂದು ಗಂಟೆಯೂ ದುಡಿಯದೆ, ಕೆಲಸ ಹುಡುಕಿದ್ದರೆ ಅಥವಾ ಸಿಕ್ಕರೆ ಮಾಡಲು ಸಿದ್ಧನಿದ್ದರೆ ನಿರುದ್ಯೋಗಿ. ಆ ವಾರ ಹುಡುಗ ಏನೂ ಮಾಡಿರಲಿಲ್ಲ. ಆದ್ದರಿಂದ ಇಲ್ಲಿ ನಿರುದ್ಯೋಗಿ. ಒಂದೇ ಹುಡುಗ, ಒಂದೇ ಜಗಲಿ, ಒಂದೇ ಟ್ಯಾಬು, ಎರಡು ಉತ್ತರ. ಯುವನಿಧಿಯ ಪಟ್ಟಿಯಲ್ಲೂ ಅವನಿದ್ದಾನೆಯೇ ಎಂದು ನಾನು ಕೇಳಹೋಗಲಿಲ್ಲ. ಕೇಳಿದ್ದರೆ ಮೂರನೆಯ ಉತ್ತರ ಸಿಗುತ್ತಿತ್ತೇನೋ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ಆ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500 ರೂಪಾಯಿ. ಅದರ ಲೆಕ್ಕದಲ್ಲಿ ನಿರುದ್ಯೋಗಿ ಅಂದರೆ, ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದೆ, ಹಾಗೆಂದು ತಾನೇ ಘೋಷಿಸಿಕೊಂಡವನು. ನಮ್ಮ ತಂದೆಯ ಕಾಲದ ಕಾರ್ಡಿನ ಹತ್ತಿರದ ಸಂಬಂಧಿ.

ಒಂದು ಗಂಟೆಯ ನಿಯಮ ಕೇಳಿದವರಿಗೆ ನಗು ಬರುತ್ತದೆ. ನನ್ನ ತಮ್ಮ ಆ ವಾರ ಮಾಡಿದ ದುಡಿಮೆ ಅಂದರೆ ಒಂದು ಮಧ್ಯಾಹ್ನ ಅಟ್ಟ ಹತ್ತಿ ಕಾಯಿ ಒಣಗಿವೆಯೇ ಎಂದು ಅಲ್ಲಾಡಿಸಿ ನೋಡಿದ್ದು. ಸಾಕು, ಅವನಿಗೆ ಉದ್ಯೋಗವಿದೆ. ಆದರೆ ಈ ನಿಯಮ ನಮ್ಮವರು ಜನರ ಕಣ್ಣಿಗೆ ಮಣ್ಣೆರಚಲು ಮಾಡಿದ್ದಲ್ಲ. 1982ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮ್ಮೇಳನ ಒಪ್ಪಿದ ಅಳತೆ ಇದು. ಎಷ್ಟೋ ದೇಶಗಳು ಇದನ್ನೇ ಅನುಸರಿಸುತ್ತವೆ. ದೇಶದ ಉತ್ಪನ್ನವನ್ನು ಲೆಕ್ಕ ಹಾಕುವಾಗ ಒಂದು ಗಂಟೆಯ ದುಡಿಮೆಯ ಫಲವೂ ಸೇರುತ್ತದಲ್ಲ, ಹಾಗಾಗಿ ಆ ಗಂಟೆ ದುಡಿದವನೂ ಸೇರಬೇಕು ಎಂಬುದು ಅದರ ಹಿಂದಿನ ತರ್ಕ. ತರ್ಕ ಸರಿ. ಹೆಚ್ಚು ಜನ ಸಂಬಳಕ್ಕೆ ದುಡಿಯುವ, ಕೆಲಸ ಹೋದರೆ ಭತ್ಯೆ ಸಿಗುವ ದೇಶದಲ್ಲಿ ಕೆಲಸ ಇದೆ, ಇಲ್ಲ ಎಂಬ ಎರಡೇ ಸ್ಥಿತಿಗಳ ನಡುವೆ ಗೆರೆ ಎಳೆಯುವುದು ಸುಲಭ. ತೋಟ, ಎಮ್ಮೆ, ಅಂಗಡಿ, ಕೂಲಿ ಎಲ್ಲವೂ ಒಂದೇ ಮನೆಯೊಳಗೆ ಕಲಸಿಹೋಗಿರುವ ನಮ್ಮಲ್ಲಿ ಅದೇ ಗೆರೆ ನೀರಿನ ಮೇಲೆ ಎಳೆದಂತೆ.

ಇದು ನಮ್ಮ ಹಿರಿಯರಿಗೆ ಗೊತ್ತಿರದ ಸಂಗತಿಯೇನಲ್ಲ. ಎಂ.ಎಲ್. ದಾಂತ್‌ವಾಲಾ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ 1970ರಲ್ಲೇ ಹೇಳಿತ್ತು: ಇಷ್ಟು ಕೋಟಿ ಮಂದಿ ನಿರುದ್ಯೋಗಿಗಳು ಎಂದು ಒಂದೇ ಸಂಖ್ಯೆಯಲ್ಲಿ ಹೇಳುವುದು ನಮ್ಮಂಥ ದೇಶದಲ್ಲಿ ಅರ್ಥವಿಲ್ಲದ ಮಾತು, ಹಲವು ಅಳತೆಗಳನ್ನು ಒಟ್ಟಿಗೆ ಕೊಡಿ. ಮೂರು ವರ್ಷದ ಮೇಲೆ ಅರ್ಥಶಾಸ್ತ್ರಜ್ಞ ರಾಜಕೃಷ್ಣ ಅದನ್ನು ಇನ್ನೂ ಬಿಡಿಸಿ ಹೇಳಿದರು. ಒಬ್ಬನಿಗೆ ಕೆಲಸವಿಲ್ಲ ಎಂದು ನಾಲ್ಕು ರೀತಿಯಲ್ಲಿ ಹೇಳಬಹುದು: ದುಡಿಯುವ ಹೊತ್ತು ಕಡಿಮೆ, ಬರುವ ಆದಾಯ ಕಡಿಮೆ, ಇನ್ನೂ ದುಡಿಯುವ ಮನಸ್ಸಿದೆ ಅವಕಾಶವಿಲ್ಲ, ಅಥವಾ ಅವನು ಆ ಜಾಗ ಬಿಟ್ಟು ಎದ್ದು ಹೋದರೂ ಉತ್ಪನ್ನವೇನೂ ಕಡಿಮೆಯಾಗುವುದಿಲ್ಲ. ನಮ್ಮ ಸುದ್ದಿಯ ಶೀರ್ಷಿಕೆ ಹಿಡಿಯುವುದು ಮೊದಲನೆಯದನ್ನು ಮಾತ್ರ, ಅದೂ ಅರ್ಧಂಬರ್ಧ.

ದಾಂತ್‌ವಾಲಾ ಸಮಿತಿಯ ಮಾತು ಕೇಳಿ 1972-73ರಿಂದ ಸುಮಾರು ಐದು ವರ್ಷಕ್ಕೊಮ್ಮೆ ದೊಡ್ಡ ಸಮೀಕ್ಷೆ ನಡೆಯತೊಡಗಿತು. ಅದರಲ್ಲಿ ವರ್ಷ ಮತ್ತು ವಾರದ ಜೊತೆಗೆ ‘ದಿನದ ಸ್ಥಿತಿ’ ಎಂಬ ಮೂರನೆಯ ಅಳತೆಯೂ ಇತ್ತು. ಏಳು ದಿನಗಳನ್ನು ಅರ್ಧರ್ಧ ದಿನವಾಗಿ ಸೀಳಿ, ಯಾವ ಅರ್ಧ ದಿನ ಕೆಲಸವಿತ್ತು, ಯಾವುದು ಖಾಲಿ ಹೋಯಿತು ಎಂದು ಎಣಿಸುತ್ತಿದ್ದರು. ಕೂಲಿಯವರ ಬವಣೆ ಕಾಣುತ್ತಿದ್ದದ್ದು ಇದರಲ್ಲೇ. 2011-12ರ ಸಮೀಕ್ಷೆಯನ್ನೇ ತೆಗೆದುಕೊಳ್ಳಿ. ವಾಡಿಕೆಯ ಸ್ಥಿತಿಯಲ್ಲಿ ನಿರುದ್ಯೋಗ ಶೇಕಡಾ 2.2. ವಾರದ ಸ್ಥಿತಿಯಲ್ಲಿ 3.7. ದಿನದ ಸ್ಥಿತಿಯಲ್ಲಿ 5.6. ಮನೆಗಳು ಅವೇ, ಜನ ಅವರೇ. 2.2 ಎಂದವರೂ ಸುಳ್ಳಾಡಲಿಲ್ಲ, 5.6 ಎಂದವರೂ ಸುಳ್ಳಾಡಲಿಲ್ಲ. ಆಳುವ ಪಕ್ಷ ಒಂದನ್ನು ಹಿಡಿದುಕೊಂಡರೆ ವಿರೋಧ ಪಕ್ಷ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಅಧಿಕಾರ ಬದಲಾದಾಗ ಅಂಕಿಗಳನ್ನೂ ಬದಲಾಯಿಸಿಕೊಳ್ಳುತ್ತಾರೆ. ಈಗ ದಿನದ ಅಳತೆ ಸುದ್ದಿಯಿಂದ ಬಹುಮಟ್ಟಿಗೆ ಮರೆಯಾಗಿದೆ. ನನ್ನ ಮಟ್ಟಿಗೆ ಅದು ನಷ್ಟ.

ವರ್ಷದ ಅಳತೆ ಎಷ್ಟು ಮಂದಗಣ್ಣಿನದು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 2018-19ರಲ್ಲಿ ದೇಶದ ನಿರುದ್ಯೋಗ ಪ್ರಮಾಣ ಶೇಕಡಾ 5.8 ಇತ್ತು. ಮರುವರ್ಷ, ಅಂದರೆ 2019ರ ಜುಲೈಯಿಂದ 2020ರ ಜೂನ್ ತನಕ, ಅದು 4.8ಕ್ಕೆ ಇಳಿಯಿತು. ಯಾವ ವರ್ಷ ಇದು? ಮಾರ್ಚ್ 25ರಂದು ಲಾಕ್‌ಡೌನ್ ಆಗಿ, ಬೆಂಗಳೂರಿನಿಂದ ಜನ ಮೂಟೆ ಹೊತ್ತು ನಡೆದೇ ಊರು ಸೇರಿದ ವರ್ಷ. ಆ ವರ್ಷ ನಿರುದ್ಯೋಗ ಕಡಿಮೆಯಾಯಿತಂತೆ! ಅದೇ ಸಮೀಕ್ಷೆ ಪಟ್ಟಣಗಳಲ್ಲಿ ಮಾತ್ರ ವಾರದ ಅಳತೆಯಲ್ಲಿ ಲೆಕ್ಕ ಹಾಕಿದಾಗ 2020ರ ಏಪ್ರಿಲ್-ಜೂನ್ ಅವಧಿಯಲ್ಲಿ ಅದು ಶೇಕಡಾ 20ನ್ನು ದಾಟಿತ್ತು. ಎರಡೂ ಹೇಗೆ ನಿಜ? ಹಿಂದಿನ 365 ದಿನಗಳಲ್ಲಿ ಹೆಚ್ಚು ಭಾಗ ಲಾಕ್‌ಡೌನ್‌ಗೆ ಮುಂಚಿನದೇ ಆಗಿತ್ತು, ಅದೊಂದು ಕಾರಣ. ಊರಿಗೆ ಮರಳಿದವರು ಅಪ್ಪನ ಹೊಲದಲ್ಲಿ ಗುದ್ದಲಿ ಹಿಡಿದರು ಎಂಬುದು ಇನ್ನೊಂದು. ಗಾರ್ಮೆಂಟ್ಸ್ ಕೆಲಸ ಕಳೆದುಕೊಂಡ ಹುಡುಗಿ ಮನೆಯ ಹುರುಳಿ ಒಕ್ಕಣೆಗೆ ನಿಂತರೆ ಅವಳಿಗೆ 21. ಅವಳಿಗೂ ಉದ್ಯೋಗವಿದೆ. ಕೃಷಿಯಲ್ಲಿರುವವರ ಪಾಲು ಒಂದೇ ವರ್ಷದಲ್ಲಿ ಶೇಕಡಾ 42.5ರಿಂದ 45.6ಕ್ಕೆ ಏರಿತು. ಸಂಕಟದ ಕಾಲದಲ್ಲಿ ನಮ್ಮ ಹೊಲಗಳು ನಿರುದ್ಯೋಗವನ್ನು ನುಂಗಿ ಹಾಕುತ್ತವೆ; ಅಂಕಿಗೆ ಆ ನುಂಗಿದ್ದು ಕಾಣುವುದಿಲ್ಲ.

ಇಲ್ಲಿಂದ ಈಚಿನ ಕಥೆ ಸುಲಭವಾಗಿ ಓದಬಹುದು. 2017-18ರಲ್ಲಿ ಸುಮಾರು ಶೇಕಡಾ 6 ಇದ್ದ ನಿರುದ್ಯೋಗ 2023-24ಕ್ಕೆ 3.2ಕ್ಕೆ ಬಂತು. ಒಳ್ಳೆಯ ಸುದ್ದಿಯೇ. ಆದರೆ ಅದೇ ವರದಿಯ ಬೇರೆ ಪುಟಗಳನ್ನು ತಿರುವಿ. ಹದಿನೈದು ವರ್ಷ ದಾಟಿದ ಹೆಂಗಸರಲ್ಲಿ ಕಾರ್ಮಿಕ ಬಲದಲ್ಲಿರುವವರು ಶೇಕಡಾ 23.3 ಇದ್ದದ್ದು 41.7 ಆಯಿತು. ಆರು ವರ್ಷದಲ್ಲಿ ಇಂಥ ಏರಿಕೆ ಅಂದರೆ ಸಾಮಾನ್ಯವಲ್ಲ. ಎಲ್ಲಿಗೆ ಹೋದರು ಇವರೆಲ್ಲ? ದುಡಿಯುವ ಹೆಂಗಸರಲ್ಲಿ ಸ್ವಂತ ದುಡಿಮೆಯವರ ಪಾಲು 51.9ರಿಂದ 67.4ಕ್ಕೆ ಹಿಗ್ಗಿದೆ. ದುಡಿಯುವ ಒಟ್ಟು ಹೆಂಗಸರಲ್ಲೇ ಮೂವರಲ್ಲಿ ಒಬ್ಬಳಿಗಿಂತ ಹೆಚ್ಚು ಮಂದಿ ಮನೆಯ ದುಡಿಮೆಯಲ್ಲಿ ಸಂಬಳವಿಲ್ಲದ ಸಹಾಯಕಿಯರು. ತಮ್ಮನ ಹೆಂಡತಿಯಂಥವರು. ಈ ಏರಿಕೆಯಲ್ಲಿ ಎಷ್ಟು ಭಾಗ ನಿಜವಾಗಿ ಹೊಸದಾಗಿ ದುಡಿಮೆಗೆ ಇಳಿದವರದು, ಎಷ್ಟು ಭಾಗ ಮೊದಲಿಂದಲೂ ದುಡಿಯುತ್ತಿದ್ದು ಈಗ ಕಣ್ಣಿಗೆ ಬಿದ್ದವರದು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರು ಜಗಳವಾಡುತ್ತಿದ್ದಾರೆ. ನನಗನ್ನಿಸುವುದು, ಎರಡೂ ಇದೆ. ಮನೆಯ ಖರ್ಚು ತೂಗದೆ ಇನ್ನೊಂದು ಎಮ್ಮೆ ಕಟ್ಟಿದವರೂ ಇದ್ದಾರೆ, ನಾಲ್ಕು ಪ್ರಶ್ನೆ ಹೆಚ್ಚಾಗಿ ಕೇಳಿದ ಚುರುಕು ಹುಡುಗಿಯರೂ ಇದ್ದಾರೆ.

ಖಾಸಗಿ ಲೆಕ್ಕವೂ ಒಂದಿದೆ. ಮುಂಬೈನ ಸಿಎಂಐಇ ಸಂಸ್ಥೆ 1 ಲಕ್ಷ 70 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಪದೇ ಪದೇ ಹೋಗಿ, ಬಹುಮಟ್ಟಿಗೆ ‘ಈ ದಿನ ನಿಮಗೆ ಕೆಲಸವಿದೆಯೇ’ ಎಂದು ಕೇಳುತ್ತದೆ. 2020ರ ಏಪ್ರಿಲ್‌ನಲ್ಲಿ ನಿರುದ್ಯೋಗ ಶೇಕಡಾ 23.5 ಎಂದು ಅದು ಹೇಳಿದಾಗ ದೇಶ ಬೆಚ್ಚಿತ್ತು. ಮಾಮೂಲು ದಿನಗಳಲ್ಲೂ ಅದರ ಅಂಕಿ ಸರ್ಕಾರದ್ದಕ್ಕಿಂತ ಹೆಚ್ಚೇ ಇರುತ್ತದೆ. ಅದರ ಲೆಕ್ಕದಲ್ಲಿ ಹೆಂಗಸರ ಪಾಲುದಾರಿಕೆ ಶೇಕಡಾ 10ರ ಆಸುಪಾಸು ಮಾತ್ರ. ಒಂದು ಕಡೆ ನಲವತ್ತು, ಇನ್ನೊಂದು ಕಡೆ ಹತ್ತು! ಸರ್ಕಾರವನ್ನು ನಂಬದವರು ಸಿಎಂಐಇ ಅಂಕಿಯನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಆದರೆ ಅಲ್ಲೂ ಸೋರಿಕೆಯಿದೆ. ಅದರ ಮನೆ ಆಯ್ಕೆಯಲ್ಲಿ ತೀರಾ ಬಡವರು ತಪ್ಪಿಹೋಗುತ್ತಾರೆ ಎಂದು 2021ರಲ್ಲಿ ಜಾನ್ ಡ್ರೆಜ್ ಮತ್ತು ಅನ್ಮೋಲ್ ಸೋಮಂಚಿ ತೋರಿಸಿದರು. ಅವರೇನೂ ಸರ್ಕಾರದ ಪರ ವಕಾಲತ್ತು ವಹಿಸುವವರಲ್ಲ.

ಇನ್ನೊಂದು ವಿಚಿತ್ರ. ನಿರುದ್ಯೋಗ ಕಡಿಮೆ ಇರುವ ರಾಜ್ಯ ಸುಖವಾಗಿದೆ ಎಂದುಕೊಂಡರೆ ದಾರಿ ತಪ್ಪುತ್ತೇವೆ. 2023-24ರಲ್ಲಿ ಕೇರಳದ ನಿರುದ್ಯೋಗ ಶೇಕಡಾ 7ಕ್ಕಿಂತ ಹೆಚ್ಚು, ಮಧ್ಯಪ್ರದೇಶದ್ದು 1ರ ಆಸುಪಾಸು. ಹಾಗೆಂದು ಕೇರಳ ಬಿಟ್ಟು ಮಧ್ಯಪ್ರದೇಶಕ್ಕೆ ಕೆಲಸ ಹುಡುಕಿಕೊಂಡು ಹೋಗುವವರನ್ನು ನಾನಂತೂ ಕಂಡಿಲ್ಲ. ನಿರುದ್ಯೋಗಿ ಅನ್ನಿಸಿಕೊಳ್ಳಬೇಕಾದರೆ ಒಳ್ಳೆಯ ಕೆಲಸಕ್ಕೆ ಕಾಯುವಷ್ಟು ದಿನ ಯಾರಾದರೂ ಊಟ ಹಾಕಬೇಕು. ನಮ್ಮ ಹುಡುಗನಿಗೆ ಅಪ್ಪನ ತೆಂಗಿನ ತೋಟ ಊಟ ಹಾಕುತ್ತಿದೆ. ಪಕ್ಕದ ಕೇರಿಯ, ಹತ್ತನೇ ತರಗತಿ ಫೇಲಾದ ಅವನ ವಾರಿಗೆಯವನು ಒಂದು ದಿನವೂ ನಿರುದ್ಯೋಗಿಯಾಗಿರಲಿಲ್ಲ. ಕಾಯಿ ಸುಲಿಯಲು ಹೋಗುತ್ತಾನೆ, ಅದಿಲ್ಲದ ದಿನ ಗೊಬ್ಬರ ಹೊರುತ್ತಾನೆ. ಓದು ಹೆಚ್ಚಿದಷ್ಟೂ ನಿರುದ್ಯೋಗ ಹೆಚ್ಚು ಎಂದು ಸಮೀಕ್ಷೆಗಳು ತೋರಿಸುವುದು ಇದಕ್ಕೇ. 2022-23ರಲ್ಲಿ ಒಟ್ಟು ಪ್ರಮಾಣ 3.2 ಇದ್ದಾಗ ಪದವೀಧರರಲ್ಲಿ ಅದು 13.4.

ಹಾಗಾದರೆ ನಂಬುವುದೋ ಬಿಡುವುದೋ? ನನ್ನ ಉತ್ತರಕ್ಕೆ ಒಂದು ಹಳೆಯ ಪ್ರಸಂಗ ಬೇಕು. ಹೊಸ ಸಮೀಕ್ಷೆಯ ಮೊದಲ ವರದಿಯಲ್ಲಿ 2017-18ರ ನಿರುದ್ಯೋಗ ಶೇಕಡಾ 6.1 ಎಂದು ಬಂದಿತ್ತು. 2011-12ರ 2.2ಕ್ಕೆ ಹೋಲಿಸಿದರೆ ಸುಮಾರು ಮೂರು ಪಟ್ಟು. ರಾಷ್ಟ್ರೀಯ ಸಾಂಖ್ಯಿಕ ಆಯೋಗ 2018ರ ಡಿಸೆಂಬರ್‌ನಲ್ಲೇ ಅದಕ್ಕೆ ಒಪ್ಪಿಗೆ ಕೊಟ್ಟರೂ ವರದಿ ಹೊರಬರಲಿಲ್ಲ. 2019ರ ಜನವರಿಯಲ್ಲಿ ಆಯೋಗದ ಪಿ.ಸಿ. ಮೋಹನನ್ ಮತ್ತು ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಅದಾದ ಕೆಲವೇ ದಿನದಲ್ಲಿ ಅಂಕಿ ಪತ್ರಿಕೆಗೆ ಸೋರಿತು, ‘45 ವರ್ಷಗಳಲ್ಲೇ ಹೆಚ್ಚು’ ಎಂಬ ಶೀರ್ಷಿಕೆ ಬಂತು. ಅದಿನ್ನೂ ಕರಡು ಎಂದು ಸರ್ಕಾರದ ಕಡೆಯವರು ಹೇಳಿದರು. ಲೋಕಸಭಾ ಚುನಾವಣೆ ಮುಗಿದು, ಹೊಸ ಸರ್ಕಾರ ಮೇ 30ರಂದು ಪ್ರಮಾಣವಚನ ತೆಗೆದುಕೊಂಡಿತು. ಮರುದಿನ, ಮೇ 31ರಂದು ವರದಿ ಹೊರಬಂತು. ಅಂಕಿ ಅದೇ, 6.1.

ಅಂಕಿಯನ್ನು ಯಾರೂ ತಿದ್ದಿರಲಿಲ್ಲ ಎಂಬುದು ನನಗೆ ಮುಖ್ಯ ಅನ್ನಿಸಿದೆ. ಹಳ್ಳಿಹಳ್ಳಿ ಸುತ್ತಿ ಬರೆದುಕೊಂಡು ಬಂದವರು, ಅದನ್ನು ಕೂಡಿಸಿದವರು ತಮ್ಮ ಕೆಲಸವನ್ನು ನಿಯತ್ತಿನಿಂದ ಮಾಡಿದ್ದರು. ಕೆಟ್ಟದ್ದು ಅದನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡದ್ದು. ಹಳೆಯದಕ್ಕೂ ಹೊಸದಕ್ಕೂ ಹೋಲಿಕೆ ಸಲ್ಲದು ಎಂಬ ಸರ್ಕಾರದ ವಾದದಲ್ಲಿ ಸ್ವಲ್ಪ ಹುರುಳೂ ಇತ್ತು. 2011-12ರಲ್ಲಿ ಹಳ್ಳಿಯ ಮನೆಗಳನ್ನು ಅನುಕೂಲಸ್ಥರು, ಅಲ್ಲದವರು ಎಂದು ಪದರ ಮಾಡಿ ಆರಿಸಿದ್ದರು. 2017ರಲ್ಲಿ ಮನೆಯಲ್ಲಿ ಹತ್ತನೇ ತರಗತಿ ದಾಟಿದವರು ಎಷ್ಟು ಮಂದಿ ಎಂದು ನೋಡಿ ಆರಿಸಿದರು. ಇದನ್ನು ಮೊದಲ ದಿನವೇ ಅಂಕಿಯ ಜೊತೆಗಿಟ್ಟು ವಿವರಿಸಿದ್ದರೆ ಜನ ಕೇಳುತ್ತಿದ್ದರು. ಮುಚ್ಚಿಟ್ಟು, ಸಿಕ್ಕಿಬಿದ್ದ ಮೇಲೆ ವಿವರಿಸಿದರೆ ನಿಜ ಹೇಳಿದರೂ ಸಬೂಬಿನಂತೆ ಕೇಳುತ್ತದೆ.

ಆದ್ದರಿಂದ ನಾನು ಈ ಅಂಕಿಗಳನ್ನು ನಂಬುತ್ತೇನೆ, ಆದರೆ ಒಂಟಿಯಾಗಿ ಬಂದರೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. 3.2 ಎಂದು ಯಾರಾದರೂ ಹೇಳಿದರೆ ವರ್ಷದ್ದೋ ವಾರದ್ದೋ ಎಂದು ಕೇಳುತ್ತೇನೆ. ಅದೇ 2023-24ರಲ್ಲಿ ವಾರದ ಅಳತೆ 4.9 ಹೇಳುತ್ತಿತ್ತು. ಕೆಲಸ ಇರುವವರಲ್ಲಿ ಸಂಬಳದವರೆಷ್ಟು, ಸಂಬಳವಿಲ್ಲದ ಸಹಾಯಕರೆಷ್ಟು ಎಂದು ಕೇಳುತ್ತೇನೆ. ಹಳ್ಳಿಗಳ ಮಾದರಿಯ ಬುಡ ಇನ್ನೂ 2011ರ ಜನಗಣತಿಯ ಮೇಲೆಯೇ ನಿಂತಿದೆ ಎಂಬುದೂ ನೆನಪಿರುತ್ತದೆ. 2021ರ ಗಣತಿ ನಡೆಯಲೇ ಇಲ್ಲ, ಮುಂದಿನದರ ಎಣಿಕೆಯ ದಿನಾಂಕ 2027ರ ಮಾರ್ಚ್ 1. ಅಷ್ಟರಲ್ಲಿ ಬೆಂಗಳೂರಿನ ಸುತ್ತ ಎಷ್ಟು ಹಳ್ಳಿಗಳು ಪೇಟೆಯಾಗಿಬಿಟ್ಟಿವೆಯೋ! 2025ರ ಮೇ ತಿಂಗಳಿಂದ ತಿಂಗಳು ತಿಂಗಳೂ ಅಂಕಿ ಕೊಡುತ್ತಿದ್ದಾರೆ. ಏಪ್ರಿಲ್‌ನದು 5.1, ಮೇ ತಿಂಗಳದು 5.6. ಅರ್ಧ ಅಂಶ ಏರಿತೆಂದು ಟಿವಿಯವರು ಎದೆ ಬಡಿದುಕೊಂಡರು. ತಿಂಗಳ ಅಂಕಿ ಸುಗ್ಗಿ, ಮಳೆ, ಮದುವೆ ಕಾಲಗಳ ಜೊತೆ ಏರಿಳಿಯುತ್ತದೆ. ಒಂದು ತಿಂಗಳ ಜ್ವರ ನೋಡಿ ಔಷಧಿ ಬದಲಾಯಿಸುವವರಿಗೆ ಆ ಅಂಕಿ ಕೊಡದಿದ್ದರೇ ವಾಸಿಯಿತ್ತು.

ಹೊಸ ಪದ್ಧತಿಯಲ್ಲಿ ಒಂದೇ ಮನೆಗೆ ನಾಲ್ಕು ತಿಂಗಳು ಸತತವಾಗಿ ಬರುತ್ತಾರೆ. ಮೂರನೆಯ ಸಲ ಬಂದು ಹೋದ ಮೇಲೆ ತಮ್ಮನ ಹೆಂಡತಿ ಫೋನು ಮಾಡಿದ್ದಳು, ಬೇರೆ ಯಾವುದೋ ವಿಷಯಕ್ಕೆ. ಮಾತಿನ ನಡುವೆ ಸರ್ವೆಯ ಸುದ್ದಿಯೂ ಬಂತು.

“ಮೊದಲು ಬಂದ ಹುಡುಗಿ ಅಲ್ಲ ಭಾವ, ಬೇರೆ ಯಾರೋ ಹುಡುಗ. ಹಾಲು ಡೇರಿಗೆ ಹಾಕಿದ್ರಾ ಅಂದ. ಒಂದೆಮ್ಮೆ ಮಾರಿಬಿಟ್ವಿ, ಇನ್ನೊಂದು ಗಬ್ಬ, ಹಾಲು ಬತ್ತಿದೆ, ಈ ವಾರ ಏನೂ ಹಾಕಿಲ್ಲಪ್ಪ ಅಂದೆ. ಸರಿ ಅಂತ ಬರ್ಕೊಂಡು ಹೋದ.”

“ಹುಲ್ಲು ತರ್ತಿದ್ದೀಯಲ್ಲಮ್ಮಾ?”

“ಗಬ್ಬದ ಎಮ್ಮೇನ ಉಪವಾಸ ಕೆಡವಕ್ಕಾಗುತ್ತಾ? ಮೊದಲಿಗಿಂತ ಎರಡು ಹೊರೆ ಜಾಸ್ತೀನೇ ತರ್ತೀನಿ.”

“ಅದನ್ನ ಅವನಿಗೆ ಹೇಳಿದೆಯಾ?”

“ಅವನು ಕೇಳಲಿಲ್ವಲ್ಲ ಭಾವ.”